ಮೂರನೇ ದಿನದ ಬುತ್ತಿ

ಶುಕ್ರವಾರ, ಬೆಳಗಿನ ಐದೂವರೆ. ಜಗಳೂರಿನ ಹಳೆ ಓಣಿಯ ಮನೆಯೊಂದರ ಪಡಸಾಲೆಯಲ್ಲಿ ಭೀಮಕ್ಕ ಬುತ್ತಿಯ ಗಂಟೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿರುವ ಖಡಕ್ ರೊಟ್ಟಿ ಒಂದಕ್ಕೊಂದು ತಾಗಿ ಕಟಕಟ ಅನ್ನಬೇಕು. ಅನ್ನುತ್ತಿಲ್ಲ. ಇನ್ನೊಂದು ಗಂಟು ಎತ್ತುತ್ತಾರೆ, ಅದಕ್ಕೂ ಸದ್ದಿಲ್ಲ. ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ. ಅರ್ಧ ಕೆಜಿ ಇರಬೇಕಾದದ್ದು ಯಾಕೋ ಹೆಚ್ಚು ಭಾರವಾಗಿದೆ. ಹನ್ನೊಂದು ವರ್ಷ ಬುತ್ತಿ ಕಟ್ಟಿದ ಕೈಗೆ ತಕ್ಕಡಿ ಬೇಕಿಲ್ಲ.

"ಓಬವ್ವಾ, ಕೆಂಪು ದಾರದ ಗಂಟಿನಾಗೆ ಏನು ಹಾಕೀಯೇ?"

ಒಲೆಯ ಮುಂದೆ ಕೂತಿದ್ದ ನಾದಿನಿ ಓಬವ್ವ ಇನ್ನೊಂದು ಸೌದೆ ಒಳಕ್ಕೆ ತಳ್ಳುತ್ತಾಳೆ. ಆರೂವರೆಯ ಬಸ್ಸಿಗೆ ಹೊನ್ನಾಳಿಯ ನಾಗೇಂದ್ರಪ್ಪ ಮೇಷ್ಟ್ರು ತಮ್ಮ ಚಾರಣದ ಮಕ್ಕಳನ್ನು ಕರೆದುಕೊಂಡು ಬಂದಿಳಿಯುತ್ತಾರೆ. ಮೇಷ್ಟ್ರೂ ಸೇರಿ ಇಪ್ಪತ್ತೆರಡು ಜನ, ಮೂರು ದಿನ ಗುಡ್ಡಗಾಡಿನ ನಡಿಗೆ. ಹೊಟ್ಟೆಗೆ ಭೀಮಕ್ಕನ ಗಂಟುಗಳೇ ಗತಿ.

ನಡೆದು ಹೋಗುವವರಿಗೆ ಬುತ್ತಿ ಕಟ್ಟಿಕೊಡುವುದು ಐವತ್ತೆರಡರ ಭೀಮಕ್ಕನ ಕಸುಬು. ಅಂಗಡಿಯಿಲ್ಲ, ಬೋರ್ಡಿಲ್ಲ. ಸೊಕ್ಕೆ ಹಳ್ಳಿಯ ಮಗಳು, ಜಗಳೂರಿನ ಸೊಸೆ. ಗಂಡ ತೀರಿಕೊಂಡ ಮೇಲೆ, ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಜಮೀನು ಅಳೆಯಲು ಬಂದ ಸರ್ವೆಯವರಿಗೆ ರೊಟ್ಟಿ ಕಟ್ಟಿಕೊಟ್ಟಿದ್ದೇ ಮೊದಲು. ಈಗ ಚನ್ನಗಿರಿ, ನ್ಯಾಮತಿಯ ಕಾಲೇಜು ಮಕ್ಕಳೂ ಹೆಸರು ಕೇಳಿಕೊಂಡು ಬರುತ್ತಾರೆ. ಒಬ್ಬರಿಗೆ ಮೂರು ದಿನದ್ದು ಸೇರಿ ಒಂದೂವರೆ ಕೆಜಿ ದಾಟುವುದಿಲ್ಲ, ಆರು ರೂಪಾಯಿಗೆ ಮುಗಿಯುತ್ತದೆ. ಪೇಟೆಯ ಡಬ್ಬಿ ಊಟ ಹೊತ್ತವನಿಗೆ ಊಟಕ್ಕಿಂತ ಡಬ್ಬಿಯೇ ಭಾರ, ಜೇಬಿಗೂ ಭಾರ.

ಲೆಕ್ಕಾಚಾರ ಸರಳ. ಬಿಳಿ ದಾರದ ಗಂಟು ಮೊದಲ ದಿನಕ್ಕೆ: ಮೆತ್ತನೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ಹಳದಿ ದಾರದ್ದು ಎರಡನೇ ದಿನಕ್ಕೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಕೆಂಪು ದಾರದ್ದು ಮೂರನೇ ದಿನಕ್ಕೆ: ಖಡಕ್ ರೊಟ್ಟಿಯ ಜೊತೆಗೆ ಬೆಲ್ಲ ಬೆರೆಸಿದ ಹುರಿಹಿಟ್ಟು. ಅದರಲ್ಲಿ ತೇವ ಅನ್ನುವುದು ಸೂಜಿಮೊನೆಯಷ್ಟೂ ಇರಕೂಡದು. ರೊಟ್ಟಿಯನ್ನು ಎರಡು ದಿನ ನೆರಳಲ್ಲಿ ಆರಿಸಿ, ಮುರಿದು ನೋಡಿಯೇ ಕಟ್ಟುತ್ತಾರೆ.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಎಪ್ಪತ್ತೊಂಬತ್ತರಲ್ಲಿ ಸರ್ವೆಯ ಸರಪಳಿ ಹಿಡಿಯುತ್ತಿದ್ದ ಜುಂಜಪ್ಪ ಕಾಡಿನಲ್ಲಿ ಮೂರನೇ ದಿನ ಇವರದೇ ರೊಟ್ಟಿ ತಿಂದ. ಅವಸರದಲ್ಲಿ ಬಿಸಿ ಆರುವ ಮೊದಲೇ ಕಟ್ಟಿದ ರೊಟ್ಟಿ ಅದು, ಒಳಗೊಳಗೇ ಬೆವತು ಬೂಸಲು ಹಿಡಿದಿತ್ತು. ವಾಂತಿಭೇದಿಯಾಗಿ ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದರು. ಎರಡು ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಡಲಿಲ್ಲ.

"ಬದುಕಿಕೊಂಡನ್ರಿ, ಅವನ ಪುಣ್ಯ," ಎನ್ನುತ್ತಾರೆ ಭೀಮಕ್ಕ. "ಆ ಎರಡು ದಿನ ನನ್ನ ಒಲಿ ಹತ್ತಲಿಲ್ಲ. ಅವ ಸತ್ತಿದ್ರೆ ನಾನು ಹೆಂಗೆ ಬದುಕಬೇಕಿತ್ತು, ಹೇಳ್ರಿ?"

ಓಬವ್ವ ಕೊನೆಗೆ ಬಾಯಿ ಬಿಡುತ್ತಾಳೆ. "ಹುರಿಹಿಟ್ಟು ಮೊಸರಿನಾಗೆ ಕಲಸಿ ಉಂಡಿ ಮಾಡಿಟ್ಟೆ ಅತ್ತಿಗೆ. ಊರು ಬಿಟ್ಟು ಹೋಗೋ ಮಕ್ಕಳಿಗೆ ಮೊಸರು ಸೋಕಿಸದೆ ಬುತ್ತಿ ಕಟ್ಟಬಾರದು ಅಂತ ಅವ್ವ ಹೇಳ್ತಿದ್ದಳು. ಕೊನೇ ದಿನ ಮನಿ ನೆನಪಾಗಿರತೈತೆ, ಬಾಯಿಗೆ ಹಿತ ಇರಲಿ ಅಂದ್ಕೊಂಡೆ."

ಇಂಥ ತಪ್ಪು ಮಾಡಲು ಇಂಥ ಮನಸ್ಸೇ ಬೇಕು. ಭೀಮಕ್ಕ ಬಿಳಿ, ಹಳದಿ ಗಂಟುಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿ ಮತ್ತೆ ಕಟ್ಟುತ್ತಾರೆ. ಅವು ಸರಿಯಾಗಿವೆ. ಕೆಂಪು ದಾರದವು ಇಪ್ಪತ್ತೆರಡೂ ಕೆಟ್ಟಿವೆ.

ಅಷ್ಟರಲ್ಲಿ ಅಂಗಳದ ತುಂಬ ಮಕ್ಕಳು. ವಿಷಯ ಕೇಳಿ ನಾಗೇಂದ್ರಪ್ಪ ಮೇಷ್ಟ್ರು ಗಡಿಯಾರ ನೋಡುತ್ತಾರೆ. "ಬಿಸಿಲು ಏರೋದ್ರೊಳಗೆ ಮೊದಲ ಗುಡ್ಡ ದಾಟಬೇಕು ಭೀಮಕ್ಕ. ಆ ಉಂಡೆ ಇವತ್ತೇ ತಿಂತೀವಿ. ರೊಟ್ಟಿ ಮೂರನೇ ದಿನಕ್ಕೆ ಇರಲಿ ಬಿಡಿ."

ಭೀಮಕ್ಕ ಒಂದು ರೊಟ್ಟಿ ತೆಗೆದು ಅವರ ಕಣ್ಣೆದುರೇ ಮಡಿಸುತ್ತಾರೆ. "ಮುರೀವಲ್ದು, ಬಾಗತೈತೆ ನೋಡ್ರಿ. ರಾತ್ರಿಯೆಲ್ಲ ಮೊಸರಿನ ತೇವ ಕುಡಿದೈತೆ. ನಾಳಿದ್ದು ಇದು ರೊಟ್ಟಿ ಅಲ್ರಿ, ವಿಷ. ನಾನು ಕೊಡಾಕಿಲ್ಲ."

"ಹಂಗಾದ್ರೆ ಪೇಟೆಯಲ್ಲಿ ಬ್ರೆಡ್ ತಗೊಂಡು ಹೋಗ್ತೀವಿ."

"ಅದು ಇದಕ್ಕಿಂತ ಮೊದಲು ಬೂಸಲು ಹಿಡೀತೈತೆ. ಮೂರನೇ ದಿನ ನೀವು ಮಧ್ಯಾಹ್ನಕ್ಕೆ ಎಲ್ಲಿ ನಿಲ್ತೀರಿ?"

"ಗುಡ್ಡದ ಹಿಂದೆ, ಹಳೇ ಮಂಟಪದ ಹತ್ರ."

"ಎರಡು ದಿನದ್ದು ಹೊತ್ಕೊಂಡು ಹೋಗ್ರಿ. ಮೂರನೇದ್ದು ನಾನೇ ಅಲ್ಲಿಗೆ ತರ್ತೀನಿ."

ಮಕ್ಕಳು ಗುಡ್ಡಗಳನ್ನು ಸುತ್ತಿ ಮೂರನೇ ದಿನ ತಲುಪುವ ಆ ಮಂಟಪ ಊರಿನಿಂದ ನೇರ ಗಾಡಿದಾರಿಯಲ್ಲಿ ನಾಲ್ಕು ಹರದಾರಿ, ಅಂದರೆ ಹನ್ನೆರಡು ಮೈಲಿ. ಭೀಮಕ್ಕ ಬಾರದೆ ಹೋದರೆ ಅಷ್ಟು ಜನ ಉಪವಾಸ, ಹತ್ತಿರದಲ್ಲಿ ಒಂದು ಗುಡಿಸಲೂ ಇಲ್ಲ. ಆದರೂ ಮೇಷ್ಟ್ರು ಹೂಂ ಎನ್ನುತ್ತಾರೆ.

ಭಾನುವಾರ ಮೂಡಣ ಕೆಂಪಾಗುವ ಹೊತ್ತಿಗೆ ಭೀಮಕ್ಕನ ತಲೆಯ ಮೇಲೆ ರೊಟ್ಟಿ-ಪಲ್ಯದ ಬುಟ್ಟಿ. ಇವತ್ತೇ ಉಣ್ಣುವುದರಿಂದ ಮೆತ್ತನೆಯ ರೊಟ್ಟಿಯನ್ನೇ ಬಡಿದಿದ್ದಾರೆ. ಹೊಸಿಲು ದಾಟುವಾಗ ಓಬವ್ವ ಮೊಸರಿನ ಗಡಿಗೆ ಹೊತ್ತು ಎದುರು ನಿಲ್ಲುತ್ತಾಳೆ. "ಇವತ್ತಾದ್ರೂ ಅಡ್ಡಿ ಇಲ್ಲೇನು ಅತ್ತಿಗೆ?" ಭೀಮಕ್ಕ ಅವಳಿಗೆ ದಾರಿ ಬಿಟ್ಟು ಜೊತೆಗೆ ಹೆಜ್ಜೆ ಹಾಕುತ್ತಾರೆ.

ಹನ್ನೊಂದೂವರೆಗೆ ಮಂಟಪ ತಲುಪಿದರೆ ಅಲ್ಲಿ ಯಾರೂ ಇಲ್ಲ. ಮಧ್ಯಾಹ್ನವಾಗುತ್ತದೆ. ಒಂದು ಗಂಟೆಯಾಗುತ್ತದೆ. ಗುಡ್ಡದ ದಾರಿಯಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಭೀಮಕ್ಕ ಕೂರಲಾರರು, ನಿಲ್ಲಲಾರರು. ಜುಂಜಪ್ಪನನ್ನು ಮಲಗಿಸಿ ತಂದ ಗಾಡಿಯೇ ಕಣ್ಣ ಮುಂದೆ ಬರುತ್ತಿದೆ.

"ಹಳದಿ ದಾರದ್ದು ನೀನು ಮುಟ್ಟಿಲ್ಲ ತಾನೆ?"

"ದೇವರಾಣೆ ಇಲ್ಲ ಅತ್ತಿಗೆ. ನೀವೇ ಬಿಚ್ಚಿ ನೋಡಿದ್ರಲ್ಲ?"

ನೋಡಿದ್ದೇನೋ ನಿಜ. ಆದರೆ ಹೆದರಿದ ಜೀವಕ್ಕೆ ತನ್ನ ಕಣ್ಣಿನ ಮೇಲೂ ನಂಬಿಕೆ ಇರುವುದಿಲ್ಲ.

ಎರಡು ಗಂಟೆಗೆ ಗುಡ್ಡದ ಮಗ್ಗುಲಲ್ಲಿ ಸೀಟಿಯ ಸದ್ದು. ಕುರುಚಲು ಗಿಡಗಳ ನಡುವೆ ಒಂದು ತಲೆ, ಎರಡು, ಐದು. ಭೀಮಕ್ಕ ಗಟ್ಟಿಯಾಗಿಯೇ ಎಣಿಸುತ್ತಾರೆ. ಇಪ್ಪತ್ತಕ್ಕೆ ಎಣಿಕೆ ನಿಲ್ಲುತ್ತದೆ. ಇನ್ನಿಬ್ಬರು ಎಲ್ಲಿ? ಅವರು ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿಯೇ ಬಿಡುತ್ತಾರೆ. ತಿರುವಿನಲ್ಲಿ ನಾಗೇಂದ್ರಪ್ಪ ಮೇಷ್ಟ್ರು ನ್ಯಾಮತಿಯ ಹುಡುಗಿಯೊಬ್ಬಳ ಕೈ ಹಿಡಿದು ನಿಧಾನಕ್ಕೆ ನಡೆಸಿಕೊಂಡು ಬರುತ್ತಿದ್ದಾರೆ.

"ಹೊಟ್ಟೆ ನೋವೇನವ್ವಾ? ವಾಂತಿ ಆಯ್ತೇನು?" ಭೀಮಕ್ಕ ಅವಳ ಹಣೆ ಮುಟ್ಟಿ ನೋಡುತ್ತಾರೆ.

"ಇಲ್ಲ ಭೀಮಕ್ಕ, ಕಾಲು ಉಳುಕೈತೆ ಅಷ್ಟೇ. ಹೊಟ್ಟೆ ಹಸೀತಾ ಐತೆ."

ಭೀಮಕ್ಕ ಅಲ್ಲೇ ಬಂಡೆಯ ಮೇಲೆ ಕೂತುಬಿಡುತ್ತಾರೆ. ಎರಡು ದಿನದಿಂದ ತಡೆದಿಟ್ಟ ಅಳು ಈಗ ಬರುತ್ತದೆ, ನಗುವೂ ಜೊತೆಗೆ. ಮಂಟಪದಲ್ಲಿ ಓಬವ್ವ ಆಗಲೇ ಮುತ್ತುಗದೆಲೆ ಹಾಸಿ ರೊಟ್ಟಿಗೆ ಪಲ್ಯ ಹಾಕಿ ಕೊಡುತ್ತಿದ್ದಾಳೆ, ಕೇಳಿದವರಿಗೂ ಕೇಳದವರಿಗೂ ಮೊಸರು ಸುರಿಯುತ್ತಿದ್ದಾಳೆ. ಮಾತೇ ಇಲ್ಲ, ಬರೀ ಜಗಿಯುವ ಸದ್ದು. ಕಾಲು ಉಳುಕಿದ ಹುಡುಗಿ ನಾಲ್ಕನೇ ರೊಟ್ಟಿಗೆ ಕೈ ಚಾಚುತ್ತಾಳೆ.

ಭೀಮಕ್ಕ ಕಂಬಕ್ಕೆ ಒರಗಿ ನೋಡುತ್ತಿದ್ದಾರೆ. ನೀವೂ ಉಣ್ಣಿ ಎಂದು ಮೇಷ್ಟ್ರು ಕರೆದರೆ ತಲೆಯಾಡಿಸುತ್ತಾರೆ.

"ಆಮೇಲೆ ಉಣ್ತೀನಿ, ಸ್ವಲ್ಪ ತಡೀರಿ. ಹನ್ನೊಂದು ವರ್ಷದಿಂದ ಕಟ್ಟಿ ಕಳಿಸ್ತಾನೇ ಬಂದೀನಿ. ಒಬ್ಬರಾದ್ರೂ ಉಣ್ಣೋದನ್ನ ನೋಡಿರಲಿಲ್ಲ."