ನಮ್ಮ ನಿದ್ದೆಗಾಗಿ ಮುಚ್ಚಿದ ದಾರಿ

ರಾಜಾಜಿನಗರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಕಾರ್ಖಾನೆಯ ಸೈರನ್ನಿನಿಂದ. ಆ ಕಾರ್ಖಾನೆಯ ಕಾಂಪೌಂಡು ಎದ್ದದ್ದು ನಮ್ಮ ಹಳ್ಳಿಯ ಹೊಲಗಳ ಮೇಲೆ. ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತು. ಅಮ್ಮನಿಗೆ ಸಿಕ್ಕಿದ್ದು ಸುತ್ತುದಾರಿ. ಕೆರೆಗೆ ಹೋಗುವ ಕಾಲುದಾರಿಗೆ ಅಡ್ಡಲಾಗಿ ಗೋಡೆ ಬಂದಿದ್ದರಿಂದ, ಬಟ್ಟೆಯ ಗಂಟು ಹೊತ್ತು ಆಕೆ ಇಡೀ ಕಾಂಪೌಂಡನ್ನು ಬಳಸಿ ನಡೆಯಬೇಕಾಯಿತು. ದಾರಿ ಕಳೆದುಕೊಂಡವರನ್ನು ಒಂದು ಮಾತೂ ಕೇಳದೆ ಇದನ್ನು ಅಭಿವೃದ್ಧಿ ಎಂದು ಕರೆದರು.

ಕನ್ನಡದ ಜಿಲ್ಲೆಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ. ನಾನು ಆಗ ಕಾಲೇಜಿನಲ್ಲಿದ್ದೆ. ಅಪ್ಪನ ಮೇಲಧಿಕಾರಿಯೊಬ್ಬರು ಹೇಳಿಸಿ, ಕಾರವಾರದ ಕಡೆಯ ರಿಸರ್ವ್ ಕಾಡಿನ ಬಂಗಲೆಯೊಂದನ್ನು ಕೆಲವು ದಿನಗಳ ಮಟ್ಟಿಗೆ ನಮಗೆ ಬಾಡಿಗೆಗೆ ಕೊಡಿಸಿದರು. ಹೇಳಿಸುವವರಿಲ್ಲದವರಿಗೆ ಸರ್ಕಾರಿ ಬಂಗಲೆ ಸಿಗದಿರುವುದೂ ಅನ್ಯಾಯವೇ, ಆದರೂ ಹೋದೆವು. ಹಂಚಿನ ಮಾಡು, ಅಗಲವಾದ ಜಗುಲಿ, ಗಾಳಿಮರಗಳ ಆಚೆ ಕಾಣದ ಸಮುದ್ರ. ಎಷ್ಟು ನಿಶ್ಶಬ್ದವೆಂದರೆ ಮೊದಲ ದಿನ ಅಮ್ಮನಿಗೆ ಹೊತ್ತು ಏರುವವರೆಗೆ ಎಚ್ಚರವೇ ಆಗಲಿಲ್ಲ.

"ಇದೇನ್ ಊರೋ, ಒಬ್ಬ ಹಾಲಿನೋಳಿಲ್ಲ, ಸೊಪ್ಪಿನೋಳಿಲ್ಲ" ಎಂದು ಗೊಣಗಿದಳು.

"ನೆಮ್ಮದಿಯಾಗಿರಾನ ಅಂತ ಬಂದ್ರೆ ಇವಳಿಗೆ ಸಂತೆ ಬೇಕಂತೆ" ಎಂದು ಅಪ್ಪ ನಕ್ಕರು.

ಮರುದಿನ ನಾನೂ ಅಮ್ಮನೂ ಮೀನು ಹುಡುಕುತ್ತ ರಸ್ತೆಗೆ ಹೋದೆವು. ಮರದ ನೆರಳಿನಲ್ಲಿ ಒಬ್ಬ ಹೆಂಗಸು ಬುಟ್ಟಿ ಇಳಿಸಿ ಕೂತಿದ್ದಳು. ಅಮ್ಮ ಒಂದು ಮೀನಿನ ಕಿವಿರು ಬಿಡಿಸಿ ನೋಡಿದಳು.

"ಬೆಳ್ಳಗಾಗೈತಲ್ಲವ್ವ. ನಿನ್ನೇದಾ?"

"ಇವತ್ತಿಂದೇ. ನೀವು ಬಂಗ್ಲೆಯವ್ರಲ್ವಾ? ನೀವು ಮಲಗ್ತೀರಿ ಹೇಳಿ ಗೇಟು ಹಾಕಿದ್ರು. ಗುಡ್ಡ ಬಳಸಿ ಬರೋದ್ರೊಳಗೆ ಪೇಟೆನೂ ಮುಗೀತು, ಮೀನೂ ಹಾಳಾಯ್ತು. ನಿದ್ದೆ ಚಲೋ ಬಂತಾ?"

ಕಡಲ ದಂಡೆಯಿಂದ ಪೇಟೆಗೆ ಹೋಗುವ ದಾರಿ ಬಂಗಲೆಯ ಅಂಗಳದಲ್ಲೇ ಹಾದುಹೋಗುತ್ತಿತ್ತು. ಬಾಡಿಗೆಯವರು ಬಂದಾಗಲೆಲ್ಲ ಅದನ್ನು ಮುಚ್ಚುತ್ತಿದ್ದರು. ಬುಟ್ಟಿ ಹೊತ್ತ ಹೆಂಗಸರನ್ನು ಗುಡ್ಡ ಹತ್ತಿಸಿ ಉಂಟುಮಾಡಿದ ನಿಶ್ಶಬ್ದವನ್ನು ನಾವು ಕಾಡಿನ ಗುಣವೆಂದು ಹೊಗಳುತ್ತಿದ್ದೆವು. ದಿನದ ಅನ್ನ ಆ ಬುಟ್ಟಿಯಲ್ಲಿದ್ದವರಿಗೆ ಇದರಿಂದಾದ ನಷ್ಟವನ್ನು ಯಾರೂ ತುಂಬಿಕೊಡುತ್ತಿರಲಿಲ್ಲ.

ಬಂಗಲೆಯ ಕಾವಲುಗಾರನನ್ನು ಕೇಳಿದೆ. "ಯಾರಾದ್ರೂ ಗಲಾಟೆ ಅಂತ ದೂರು ಕೊಟ್ರೆ ನನ್ನ ಕೆಲ್ಸ ಹೋಗ್ತದೆ ತಂಗಿ. ಬಾಡಿಗೆಯವ್ರು ಕರೆಸಿದವ್ರನ್ನ ಮಾತ್ರ ಒಳಗೆ ಬಿಡ್ಬೇಕು ಅಂತ ಆರ್ಡರು" ಎಂದ. ನಾನು ನಾಗರಿಕರ ಹಕ್ಕುಗಳ ಕುರಿತು ಹೇಳತೊಡಗಿದೆ. ಅಮ್ಮ ಅಡ್ಡಬಂದಳು.

"ನೀನ್ ಸುಮ್ನಿರೇ. ಏನಪ್ಪಾ, ನಾವ್ ಕರೆಸಿದೋರ್ನ ಬಿಡ್ತೀಯ ತಾನೆ? ನಾಳೆ ನಂಗೆ ಮೀನು ಬೇಕು. ಒಂದ್ ಬುಟ್ಟಿ ನೋಡಿ ತಗೊಳ್ಳೋಳಲ್ಲ ನಾನು. ಎಲ್ಲಾ ಬುಟ್ಟೀನೂ ಬರ್ಲಿ."

ಮರುದಿನ ನಸುಕಿನಲ್ಲೇ ಹೆಂಗಸರ ಸಾಲು ಕಡಲ ಕಡೆಯ ಗೇಟಿನಿಂದ ಒಳಬಂದಿತು. ಅಮ್ಮ ಮೆಟ್ಟಿಲ ಮೇಲೆ ಕೂತು ಪ್ರತಿಯೊಂದು ಬುಟ್ಟಿಯಲ್ಲೂ ಇಣುಕಿ, ತಲೆಯಾಡಿಸಿ, ಪೇಟೆಯ ಕಡೆಯ ಗೇಟಿನತ್ತ ಕೈ ತೋರಿಸಿದಳು. ಕೊನೆಯ ಬುಟ್ಟಿಯಿಂದ ನಾಲ್ಕು ಬಂಗಡೆ ಆರಿಸಿಕೊಂಡಳು.

"ಇಷ್ಟು ಜನರನ್ನ ಕರೆಸಿ ನಾಲ್ಕೇ ಬಂಗ್ಡೆ! ನಿಮ್ಮನ್ನ ಕಟ್ಕಂಡವ್ರ ಗತಿ ದೇವ್ರೇ ನೋಡ್ಬೇಕು" ಎಂದಳು ಮರದಡಿ ಸಿಕ್ಕಿದ್ದ ಹೆಂಗಸು. ಒಳಗೆ ಅಪ್ಪ ಕಿವಿಯ ಮೇಲೆ ದಿಂಬು ಒತ್ತಿಕೊಂಡು ಮಲಗಿದ್ದರು. ನಾವು ಇದ್ದಷ್ಟು ದಿನ ಹೀಗೇ ನಡೆಯಿತು.

ಹೊರಡುವ ದಿನ ಅಮ್ಮ ಕಾವಲುಗಾರನಿಗೆ, "ಮುಂದೆ ಬರೋರ್ಗೂ ಹೀಗೇ ಹೇಳು" ಎಂದಳು.

"ಅವ್ರು ಮೀನು ತಿನ್ನೋರಲ್ಲಮ್ಮ."

ಬುಟ್ಟಿ ಹೊತ್ತು ಹೊರಟಿದ್ದ ಆ ಹೆಂಗಸು ನಿಂತು ಕೇಳಿಸಿಕೊಂಡಳು. "ಹಾಗಾರೆ ಮತ್ತೆ ಗುಡ್ಡ" ಎಂದು ನಡೆದಳು.

ನಾನು ಅಲ್ಲೇ ಕೂತು ಅರಣ್ಯಾಧಿಕಾರಿಗೆ ಮನವಿ ಬರೆದೆ. ಜನರು ನಡೆದು ನಡೆದು ಮಾಡಿದ ದಾರಿ, ಬಂಗಲೆಗೆ ಬಂದವರ ನಿದ್ದೆಯನ್ನಾಗಲಿ ಊಟವನ್ನಾಗಲಿ ಅವಲಂಬಿಸಬಾರದು ಎಂಬುದು ಅದರ ಸಾರ. ಮೇಲಧಿಕಾರಿಗೆ ತಿಳಿದೀತೆಂದು ಅಪ್ಪ ಸಹಿ ಹಾಕಲಿಲ್ಲ. ಅಮ್ಮ ಹೆಬ್ಬೆರಳು ಚಾಚಿದಳು.

"ನಮ್ ದಾರಿ ಮುಚ್ದಾಗ ಯಾರೂ ಬರೀಲಿಲ್ಲ ಕಣೇ. ಒತ್ತಿಸ್ಕೋ."

ಉತ್ತರ ಬರಲಿಲ್ಲ. ರಾಜಾಜಿನಗರದಿಂದ ಮತ್ತೆ ಬರೆದೆವು.