ಬಾಗಿಲ ಬೆಳಕಿನಲ್ಲಿ ನನ್ನ ನೆತ್ತಿ

ಅಪ್ಪ ಕೊನೆಯ ಸಲ ನನ್ನ ನೆತ್ತಿ ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ. ಆ ದಿನ ಬೇರೆ ವಿಶೇಷವೇನೂ ಇರಲಿಲ್ಲ. ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ಕೆಲಸ ಮುಗಿದು ನಡುಮನೆ ತುಂಬ ಎಲೆಯ ಕಂತೆಗಳು ಬಿದ್ದಿದ್ದವು. ಅಪ್ಪ ತಲೆಬಾಗಿಲ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂತು, ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ ಬೇರೆ ಬೇರೆ ಗುಡ್ಡೆಗೆ ಹಾಕುತ್ತಿದ್ದ. ನಾನು ಕೆಲಸಕ್ಕೆ ಹೊರಟವನು ಅವನ ಮುಂದೆ ಬೆನ್ನು ತಿರುಗಿಸಿ ಕುಕ್ಕರಗಾಲಿನಲ್ಲಿ ಕೂತೆ. ದಿನವೂ ಹಾಗೇ ಕೂರುತ್ತಿದ್ದೆ.

"ಒಸಿ ಬಗ್ಗಲಾ. ಹಾಂ. ಎಡಗಡೆ ಬುಟ್ಟೋಗದೆ ಕಣ್ಲಾ, ರೂಪಾಯಿ ಅಗಲ. ಬಲಗಡೆ ಜಾಸ್ತಿಯಾಗದೆ, ಮಡಕೆ ತಳದಂಗೆ ಕಾಣ್ತದೆ."

ನಾನು ಬೋಳು ಮುಚ್ಚುವ ಪುಡಿಯ ಡಬ್ಬಿ ಹಿಂದಕ್ಕೆ ಕೊಟ್ಟೆ. ಅಪ್ಪ ಎಡಗಡೆ ಪುಡಿ ಉದುರಿಸಿ, ಬಲಗಡೆಯದನ್ನು ಬೆರಳಿನಿಂದ ತಟ್ಟಿ ಸರಿಮಾಡಿದ. ಅವನ ಬೆರಳಲ್ಲಿ ಸೊಪ್ಪಿನ ಅಂಟು ಇತ್ತು.

"ಈಗ ಓಗು. ಗಾಳಿಗೆ ತಲೆ ಕೊಡ್ಬ್ಯಾಡ" ಎಂದ.

ನಾನು ಹುಣಸೂರಿನಲ್ಲಿ ಬೀಜ ಮತ್ತು ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರು ಹುಣಸೂರಿಗೂ ಎಚ್.ಡಿ. ಕೋಟೆಗೂ ನಡುವೆ ಇದೆ. ಇಪ್ಪತ್ತೆಂಟನೇ ವಯಸ್ಸಿಗೆ ನನ್ನ ಕೂದಲು ಉದುರಲು ಶುರುವಾಯಿತು. ಅವ್ವನ ಕಡೆಯ ಮಾವಂದಿರೆಲ್ಲ ಬೋಳುತಲೆಯವರು. ಅಪ್ಪನ ತಲೆ ಮಾತ್ರ ಅರವತ್ತೆಂಟರಲ್ಲೂ ಬಿಳಿಯಾಗಿ ತುಂಬಿಕೊಂಡಿತ್ತು. ಅಂಗಡಿಗೆ ಬರುವ ರೈತರಿಗೆ ನನ್ನ ತಲೆ ಒಂದು ಹೊತ್ತು ಕಳೆಯುವ ವಿಷಯವಾಯಿತು. ಪಿರಿಯಾಪಟ್ಟಣದ ಕಡೆಯ ಒಬ್ಬರು ಮುಸುಕಿನ ಜೋಳದ ಬೀಜದ ಚೀಲ ಕೈಯಲ್ಲಿ ಹಿಡಿದುಕೊಂಡು, "ಏನಣ್ಣೋ, ಮಾರೋನ್ ತಲೇಲೇ ಮೊಳಕೆ ಬಂದಿಲ್ವಲ್ಲ, ನಿನ್ ಬೀಜ ನಂಬಬೋದಾ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಹೆಂಡತಿ ಬಡಿಸಿದ ಊಟ ಸೇರಲಿಲ್ಲ.

ಈರುಳ್ಳಿ ರಸ ಹಚ್ಚಿದೆ. ರಸ್ತೆ ಬದಿಯಲ್ಲಿ ಮಾರುವ ಬೇರಿನ ಎಣ್ಣೆ ಎರಡು ಬಾಟಲಿ ಖಾಲಿ ಮಾಡಿದೆ. ಕೆಲವರಿಗೆ ಅದರಿಂದ ಅನುಕೂಲವಾಗಿರಬಹುದು, ನನಗೆ ದಿಂಬಿನ ಬಟ್ಟೆ ಹಾಳಾಯಿತು ಅಷ್ಟೆ. ಆಮೇಲೆ ಮೈಸೂರಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ದಿನಕ್ಕೊಂದು ಮಾತ್ರೆ, ಎರಡು ಹೊತ್ತು ನೆತ್ತಿಗೆ ಸಿಂಪಡಿಸುವ ಔಷಧಿ ಬರೆದುಕೊಟ್ಟರು. ಮೊದಲು ಇನ್ನೂ ಸ್ವಲ್ಪ ಉದುರುತ್ತದೆ, ಹೆದರಬೇಡಿ ಎಂದರು. ಹಾಗೇ ಆಯಿತು. ನನ್ನದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ನೆತ್ತಿಗೆ ಸೂಜಿಯಲ್ಲಿ ಚುಚ್ಚುವ ಚಿಕಿತ್ಸೆಯನ್ನು ಮೂರು ಸಲ ಮಾಡಿಸಿಕೊಂಡೆ. ವರ್ಷವಾಗುವ ಹೊತ್ತಿಗೆ ಉದುರುವುದು ನಿಂತು, ನೆತ್ತಿಯ ಹಿಂದೆ ಎಳೆಯ ಕೂದಲು ಹುಟ್ಟಿತು. "ಇದು ವಾಸಿಯಾಗೋ ಕಾಯಿಲೆ ಅಲ್ಲ. ಔಷಧಿ ಬಿಟ್ಟರೆ ಬಂದದ್ದೂ ಹೋಗುತ್ತೆ" ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಹುಟ್ಟಿದ ಕೂದಲು ನೆತ್ತಿ ಮುಚ್ಚುವಷ್ಟು ಇರಲಿಲ್ಲ. ಅದಕ್ಕೆ ಆನ್‌ಲೈನಿನಲ್ಲಿ ಒಂದು ಡಬ್ಬಿ ತರಿಸಿದೆ. ಒಳಗೆ ಕೂದಲಿನಂಥದೇ ನವಿರಾದ ಪುಡಿ. ಉದುರಿಸಿದರೆ ಇರುವ ಕೂದಲಿಗೆ ಅಂಟಿಕೊಂಡು ತಲೆ ದಟ್ಟವಾಗಿ ಕಾಣುತ್ತದೆ. ಮೊದಲ ದಿನ ಹಾಕಿಕೊಂಡು ಹೊರಗೆ ಬಂದಾಗ ಅಪ್ಪ ಸೊಪ್ಪು ಕೆಳಗಿಟ್ಟು ನನ್ನನ್ನೇ ನೋಡಿದ.

"ಇದ್ಯಾವ ಬಣ್ಣವ್ಲಾ?"

"ಕಪ್ಪು ಕಣಪ್ಪ."

"ನಿಂದು ಕಪ್ಪಲ್ಲ. ಬಾ ಬೆಳಕಿಗೆ." ಬಾಗಿಲಿಗೆ ಕರೆದು ನನ್ನ ಕಿವಿಯ ಹಿಂದಿನ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಕಂದು ಸೇರ್ಕಂಡದೆ. ಕಪ್ಪಿಗೂ ಕಾಫಿಗೂ ಮಧ್ಯ. ಒಳಗೆ ಲೈಟ್ ಆಕ್ಕೊಂಡು ನೋಡುದ್ರೆ ಎಲ್ಲಾ ಒಂದೇ ತರ ಕಾಣ್ತದೆ. ಸೊಪ್ಪನ್ನೂ ಅಂಗೆ ನೋಡುದ್ರೆ ಹರಾಜಲ್ಲಿ ಮುಖ ಕೆಟ್ಟೋಯ್ತದೆ."

ಮೂವತ್ತು ವರ್ಷ ಸೊಪ್ಪಿನ ಬಣ್ಣ ನೋಡಿದ ಕಣ್ಣು. ಅವನು ಹೇಳಿದ ಬಣ್ಣ ತರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ಬೆಳಿಗ್ಗೆ ಔಷಧಿ ಒಣಗಿದ ಮೇಲೆ ನಾನು ಪುಡಿ ಹಾಕುವುದು, ಅಪ್ಪ ಬಾಗಿಲಲ್ಲಿ ನೋಡಿ ಸರಿಮಾಡುವುದು ರೂಢಿಯಾಯಿತು. ಐದು ವರ್ಷ ನಡೆಯಿತು. ನಾವಿಬ್ಬರೂ ಹೆಚ್ಚು ಮಾತಾಡುವವರಲ್ಲ. ದಿನದಲ್ಲಿ ಅವನು ನನ್ನನ್ನು ಮುಟ್ಟುತ್ತಿದ್ದುದು ಆ ಒಂದು ಹೊತ್ತಿನಲ್ಲಿ ಮಾತ್ರ.

ಆ ಸೋಮವಾರ ಮಧ್ಯಾಹ್ನ ನನ್ನ ತಮ್ಮ ಅಂಗಡಿಗೆ ಫೋನ್ ಮಾಡಿದ. ಅಪ್ಪ ಸೊಪ್ಪಿನ ಮೇಲೇ ಒರಗಿದ್ದನಂತೆ. ನಾನು ಎಚ್.ಡಿ. ಕೋಟೆಯ ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ನನಗೆ ಸ್ನಾನ ಮಾಡಿಸಿದರು. ತಂದೆ ಸತ್ತರೆ ಹಿರಿಮಗ ಒದ್ದೆ ಬಟ್ಟೆಯಲ್ಲೇ ಕಾರ್ಯ ಮಾಡಬೇಕು. ಚಿಕ್ಕಪ್ಪ ಎರಡು ಬಿಂದಿಗೆ ನೀರು ತಲೆ ಮೇಲೆ ಸುರಿದರು. ಹಿಂದಿನ ದಿನ ಅಪ್ಪನೇ ತಟ್ಟಿ ಕೂರಿಸಿದ ಪುಡಿ ಇನ್ನೂ ತಲೆಯಲ್ಲಿತ್ತು ಎಂಬುದು ನನಗೆ ಮರೆತೇ ಹೋಗಿತ್ತು. ಕಂದು ನೀರು ಹಣೆಯಿಂದ, ಕಿವಿಯ ಪಕ್ಕದಿಂದ ಇಳಿದು ಬಿಳಿ ಪಂಚೆಯ ಮೇಲೆ ಹರಿಯಿತು.

"ಅಯ್ಯೋ ನನ್ ಕಂದ, ತಲೆಯಿಂದ ಏನ್ಲಾ ಅದು ಇಳೀತಿರದು?" ಎಂದು ಸೋದರತ್ತೆ ಅಳು ನಿಲ್ಲಿಸಿ ಕೇಳಿದಳು.

"ಬಣ್ಣ ಕಣವ್ವ, ಸುಮ್ಕಿರು" ಎಂದರು ಚಿಕ್ಕಪ್ಪ. ಹೆಗಲ ಮೇಲಿದ್ದ ಟವೆಲ್ ತೆಗೆದು ನನ್ನ ಮುಖ ಒರೆಸಿ, ಇನ್ನೊಂದು ಬಿಂದಿಗೆ ಸುರಿದರು. ನೀರು ತಿಳಿಯಾಗುವವರೆಗೂ ಸುರಿದರು. ಊರೆಲ್ಲ ನೋಡಿತು. ಕೊನೆಗೆ ನಮ್ಮ ಹೊಲದ ಬದುವಿನಲ್ಲಿ ಅಪ್ಪನನ್ನು ಮಣ್ಣು ಮಾಡಿದೆವು.

ಹನ್ನೊಂದನೇ ದಿನ ತಿಥಿ. ಆ ದಿನ ಗಂಡುಮಕ್ಕಳು ತಲೆ, ಮೀಸೆ ಬೋಳಿಸಬೇಕು. ಅಲ್ಲಿಯವರೆಗೆ ಎಣ್ಣೆ, ಬಾಚಣಿಗೆ ಮುಟ್ಟುವ ಹಾಗಿಲ್ಲ. ನಾನು ಔಷಧಿಯನ್ನೂ ಮುಟ್ಟಲಿಲ್ಲ. ಅವ್ವ ಸತ್ತಾಗ ನನಗೆ ಹತ್ತು ವರ್ಷ. ಆಗ ಬೋಳಿಸಿದ ತಲೆ ಸವರುತ್ತ ಅಪ್ಪ, "ಬತ್ತದೆ ಬುಡ್ಲಾ" ಎಂದಿದ್ದ. ಯುಗಾದಿಯ ಹೊತ್ತಿಗೆ ಕೈಗೆ ಸಿಗುವಷ್ಟು ಬಂದಿತ್ತು.

ಈ ಸಲ ನನಗೆ ಹೆದರಿಕೆಯಾಯಿತು. ಬೋಳಿಸಿದರೆ ಬೇರಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಯಾವತ್ತೋ ಹೇಳಿದ್ದರು. ಅದು ಗೊತ್ತಿತ್ತು. ಆದರೆ ಬೋಳಿಸಿದ ತಲೆಯಲ್ಲಿ ಎಲ್ಲಿ ಕೂದಲಿದೆ, ಎಲ್ಲಿ ಇಲ್ಲ ಎಂಬುದು ಗದ್ದೆಯ ಬದುವಿನಂತೆ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ತಿಂಗಳುಗಟ್ಟಲೆ ಪುಡಿ ನಿಲ್ಲುವುದಿಲ್ಲ. ಪಂಚೆ ಮೇಲೆ ಹರಿದ ನೀರನ್ನು ನೋಡಿದ ಮುಖಗಳೂ ನೆನಪಿದ್ದವು. ಒಂಬತ್ತನೇ ದಿನ ಚಿಕ್ಕಪ್ಪನಿಗೆ ಹೇಳಿದೆ: "ಔಷಧಿ ನಡೀತಾ ಅದೆ. ಡಾಕ್ಟ್ರು ಬೋಳಿಸ್ಬಾರದು ಅಂದವ್ರೆ."

ಚಿಕ್ಕಪ್ಪ ಒಪ್ಪಿಕೊಂಡರು. "ಡಾಕ್ಟ್ರು ಅಂದ್ಮೇಲೆ ಏನ್ ಮಾಡದು. ಮೀಸೆ ತಗ್ಸು, ತಲೆಗೆ ಮೂರು ಕತ್ರಿ ಮುಟ್ಸು. ಶಾಸ್ತ್ರಕ್ಕಾಯ್ತದೆ. ನಿನ್ ತಮ್ಮ ಪೂರ್ತಿ ಕೊಡ್ತನೆ."

ತಿಥಿಯ ದಿನ ಕೆರೆಯ ಏರಿ ಮೇಲೆ, ಹೊಂಗೆಮರದ ಕೆಳಗೆ ಕೂತೆವು. ಮೊದಲು ತಮ್ಮನ ತಲೆ. ಆಮೇಲೆ ನಾನು. ನಮ್ಮೂರಿನ ಕ್ಷೌರಿಕ ನನಗಿಂತ ಹತ್ತು ವರ್ಷ ದೊಡ್ಡವನು. ಅಪ್ಪನಿಗೆ, ನಮ್ಮಿಬ್ಬರಿಗೆ ಎಲ್ಲ ಕ್ಷೌರ ಮಾಡುವವನು ಅವನೇ.

"ಪೂರ್ತಿನೋ, ಕತ್ರಿನೋ?" ಎಂದ.

"ಕತ್ರಿ" ಎಂದೆ.

ಮುಂದೆ ಒಂದು, ಎಡಕ್ಕೆ ಒಂದು, ಬಲಕ್ಕೆ ಒಂದು. ಮೂರು ಸಣ್ಣ ಕುಚ್ಚು ಮುಂದೆ ಹಾಸಿದ್ದ ಬಾಳೆಲೆಯ ಮೇಲೆ ಬಿದ್ದವು. ಮೀಸೆ ತೆಗೆಯುತ್ತ ಅವನು ಮೆಲ್ಲಗೆ ಹೇಳಿದ: "ನಿಮ್ಮಪ್ಪ ಗೌಡ್ರು ನನ್ ತಾವ ಬಂದಾಗೆಲ್ಲ ನಿಮ್ದೇ ಮಾತು. 'ನನ್ ಮಗ ಬಂದ್ರೆ ಹಿಂದ್ಗಡೆ ಮಿಷನ್ ಆಡಿಸ್ಬ್ಯಾಡ ಕಣಪ್ಪ, ಅಲ್ಲಿ ಹೊಸದು ಹುಟ್ಟವೆ' ಅಂತಿದ್ರು. ಪೈರು ಕಾದಂಗೆ ಕಾದ್ರು ಬುಡಿ."

ಅದನ್ನು ಕೇಳಿದ ಮೇಲೆ ಪೂರ್ತಿ ತೆಗೆ ಎಂದು ಹೇಳಬಹುದಿತ್ತು. ಬ್ಲೇಡು ಅವನ ಕೈಯಲ್ಲೇ ಇತ್ತು. ಅಪ್ಪ ಕಾದ ಕೂದಲನ್ನು ಅಪ್ಪನಿಗೇ ಕೊಡಬೇಕೋ, ಉಳಿಸಿಕೊಳ್ಳಬೇಕೋ ತಿಳಿಯಲಿಲ್ಲ. ಕೇಳೋಣವೆಂದರೆ ಅವನಿಲ್ಲ. ಕ್ಷೌರಿಕ ಮೀಸೆ ಮುಗಿಸಿ ಕನ್ನಡಿ ಮುಚ್ಚಿಟ್ಟ.

ಆಮೇಲಿನ ವಾರಗಳಲ್ಲಿ ಒಂದು ವಿಷಯ ಗಮನಿಸಿದೆ. ತಮ್ಮನ ಜೊತೆ ಕೆ.ಆರ್. ನಗರಕ್ಕೋ ಸರಗೂರಿಗೋ ಹೋದರೆ ಬಸ್ಸಿನಲ್ಲಿ ಗುರುತಿಲ್ಲದವರೂ ಅವನ ತಲೆ ನೋಡಿ, "ಯಾರಪ್ಪ ಓಗಿದ್ದು?" ಎಂದು ಕೇಳುತ್ತಿದ್ದರು. ಅವನು "ನಮ್ಮಪ್ಪ" ಎನ್ನುತ್ತಿದ್ದ. ಅವರು ಜರುಗಿ ಜಾಗ ಕೊಡುತ್ತಿದ್ದರು, ವಯಸ್ಸೆಷ್ಟು, ಏನಾಗಿತ್ತು ಎಂದು ವಿಚಾರಿಸುತ್ತಿದ್ದರು. ಅವನೂ ಹೇಳುತ್ತಿದ್ದ. ಪಕ್ಕದಲ್ಲಿ ಕೂತ ನನ್ನನ್ನು ಯಾರೂ ಕೇಳಲಿಲ್ಲ. ಅಂಗಡಿಗೆ ಬರುವ ರೈತರೂ ಕೇಳಲಿಲ್ಲ. ಪಿರಿಯಾಪಟ್ಟಣದ ಆ ರೈತರು ಬಂದು, "ಮೀಸೆ ತಗ್ದು ಹೀರೋ ಆಗಿದ್ದೀಯ ಕಣಣ್ಣ" ಎಂದರು. ನಾನು ಬೀಜದ ಬಿಲ್ಲು ಬರೆದುಕೊಟ್ಟೆ.

ಬೋಳಿಸಬಾರದೆಂದು ಡಾಕ್ಟರು ಹೇಳಿರಲಿಲ್ಲ ಎಂದು ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. ತಮ್ಮನಿಗೆ ಗೊತ್ತಿರಬಹುದು. ಅವನ ತಲೆ ಈಗ ಮೊದಲಿನಂತಾಗಿದೆ. ಅಪ್ಪನ ಹಾಗೆ ದಟ್ಟ.

ಹನ್ನೆರಡನೇ ದಿನದಿಂದ ನಾನು ಔಷಧಿ, ಮಾತ್ರೆ ಮತ್ತೆ ಶುರುಮಾಡಿದೆ. ನಡುವೆ ಬಿಟ್ಟಿದ್ದರಿಂದ ಏನೂ ನಷ್ಟವಾಗಲಿಲ್ಲ. ಹಿಂದಿನ ಕೂದಲು ಇದೆ. ಪುಡಿಯನ್ನೂ ಹಾಕುತ್ತೇನೆ, ಅದೇ ಬಣ್ಣ. ನೆತ್ತಿಯ ಹಿಂಭಾಗ ನೋಡಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತೇನೆ, ಬಣ್ಣ ಸರಿಯಾಗಿ ಬರುವುದಿಲ್ಲ. ಹೆಂಡತಿಯನ್ನು ಕೇಳಿದರೆ ಒಲೆಯ ಹತ್ತಿರದಿಂದಲೇ ನೋಡಿ, "ಚೆನ್ನಾಗದೆ, ಓಗಿ" ಎನ್ನುತ್ತಾಳೆ. ದಿನವೂ ಚೆನ್ನಾಗೇ ಇರುತ್ತದೆ.

ಬಾಗಿಲಿಗೆ ಕರೆದು, ಎಡಗಡೆ ಬಿಟ್ಟುಹೋಗಿದೆ ಎಂದು ಹೇಳುವವರು ಈಗ ಮನೆಯಲ್ಲಿ ಇಲ್ಲ.