ಮೈಕು ಜನರ ಕಡೆ ತಿರುಗಿಸಿದರೆ

ಹಾಡುವವನು ಹಾಡು ಮರೆತರೆ ಜನ ಸಿಳ್ಳೆ ಹೊಡೆದು ಮೆಚ್ಚುತ್ತಾರೆಂದು ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ.

ಮೊನ್ನೆ ಮುರ್ಡೇಶ್ವರದಲ್ಲಿ ಗೊತ್ತಾಯಿತು. ಮೊಮ್ಮಗಳು ಶ್ವೇತಾ ಅಲ್ಲಿಯ ಹೋಟೆಲೊಂದರಲ್ಲಿ ರಿಸೆಪ್ಷನ್ ಕೆಲಸಕ್ಕಿದ್ದಾಳೆ. ಹೋಟೆಲಿನ ಅಂಗಳದಲ್ಲಿ ಸಂಜೆ ಲೈವ್ ಬ್ಯಾಂಡ್ ಪ್ರೋಗ್ರಾಮು. ಭಟ್ಕಳದ್ದೊಂದು, ಹೊನ್ನಾವರದ್ದೊಂದು, ನಮ್ಮ ಕುಮಟೆಯದ್ದೊಂದು.

"ಅಜ್ಜಿ, ಯಾವಾಗ್ಲೂ ಅದೇ ಭಜನೆ ಎಂತಕ್ಕೆ? ಒಂದ್ಸಲ ಇದನ್ನೂ ಕೇಳು ಬಾ," ಅಂದಳು.

ಹೋದೆ. ಮನಸ್ಸು ಸರಿ ಇರಲಿಲ್ಲ, ಅದಕ್ಕೇ ಹೋದೆ. ಕಾರಣ ನಾಗವೇಣಿ.

ನಮ್ಮೂರು ಹೊಳನಗದ್ದೆಯ ದೇವಸ್ಥಾನದ ಶನಿವಾರದ ಭಜನೆಯಲ್ಲಿ ಮೈಕು ಹಿಡಿದು ಮೊದಲು ಹೇಳುವವಳು ಅವಳು. ಅವಳು ಒಂದು ಸಾಲು ಹೇಳಿದರೆ ನಾವು ಹೆಂಗಸರು ಅದನ್ನೇ ತಿರುಗಿ ಹೇಳುವುದು. ಈಚೆಗೆ ಅವಳಿಗೆ ನಡುವೆ ಸಾಲು ಮರೆಯುತ್ತದೆ. ಭಜನೆ ಅಲ್ಲಿಗೇ ನಿಲ್ಲುತ್ತದೆ. ಹೊರಗೆ ಕಟ್ಟೆಯ ಮೇಲೆ ಮೊಬೈಲ್ ಒತ್ತುತ್ತ ಪಂಚಕಜ್ಜಾಯಕ್ಕೆ ಕಾಯುವ ಗಂಡಸರು (ಅವರ ಭಕ್ತಿಯೆಲ್ಲ ಅಂಗೈಯಲ್ಲಿ) ಕಿಸಕ್ಕನೆ ನಗುತ್ತಾರೆ.

ಕೊನೆಗೊಂದು ದಿನ ಭಜನೆ ಕಮಿಟಿಯ ಅಧ್ಯಕ್ಷ ಗಣಪತಿ ಹೇಳಿಯೇಬಿಟ್ಟ. "ನಾಗವೇಣಕ್ಕ, ಬರೋ ಶನಿವಾರ ಒಂದು ಹೇಳಿ ಮುಗಸಿ. ಆಮೇಲೆ ಆರಾಮ ಕೂತ್ಕಳಿ. ಮೊಬೈಲಲ್ಲೇ ಭಜನೆ ಹಾಕ್ವ, ಸ್ಪೀಕರ್ ಅದೆ."

ಸ್ಪೀಕರಿಗೆ ಮರೆವಿಲ್ಲ, ನಿಜ. (ಚಾರ್ಜು ಮುಗಿದರೆ ದೇವರು ಕರೆಂಟು ಬರುವ ತನಕ ಕಾಯಬೇಕು, ಅಷ್ಟೇ.) ಆದರೆ ಅವತ್ತಿನಿಂದ ನಾಗವೇಣಿಯ ಗಂಟಲು ಮನೆಯಲ್ಲೂ ಬಂದ್. ಮೇಯಲು ಹೋದ ದನವನ್ನೂ ಕೂಗಿ ಕರೆಯುತ್ತಿರಲಿಲ್ಲ.

ಬ್ಯಾಂಡಿನ ವಿಷಯಕ್ಕೆ ಬರುತ್ತೇನೆ. ಭಟ್ಕಳದವರು ಹಾಡಿದ್ದಕ್ಕಿಂತ 'ಚೆಕ್, ಚೆಕ್' ಅಂದದ್ದೇ ಹೆಚ್ಚು. ಹೊನ್ನಾವರದವರು ಸ್ಟೇಜಿನ ಕೆಳಗಿನಿಂದ ಬುಸ್ಸೆಂದು ಹೊಗೆ ಬಿಟ್ಟರು. ಸೊಳ್ಳೆಗಿರಬೇಕು, ಒಳ್ಳೆಯದೇ ಎಂದುಕೊಂಡೆ. ಸೊಳ್ಳೆಗೆ ಏನೂ ಆಗಲಿಲ್ಲ, ಗಿಟಾರಿನವನು ಕೆಮ್ಮಿದ. ಇನ್ನೊಬ್ಬ "ಆರ್ ಯೂ ರೆಡಿ?" ಎಂದು ಕೂಗುತ್ತಲೇ ಇದ್ದ. ರೆಡಿ ಇಲ್ಲದೆ ಈ ಮಂಡಿನೋವು ಕಟ್ಟಿಕೊಂಡು ಅಷ್ಟು ದೂರ ಬರುತ್ತಿದ್ದೆನಾ?

ಕೊನೆಗೆ ಕುಮಟೆಯವರು. ಹಾಡುವ ಹುಡುಗ ಚೆನ್ನಾಗಿಯೇ ಶುರು ಮಾಡಿದ. ನಡುವೆ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಆ ಮುಖ ನನಗೆ ಗೊತ್ತು. ಪ್ರತಿ ಶನಿವಾರ ನೋಡುತ್ತೇನೆ. ಸಾಲು ಮರೆತಿತ್ತು!

ಅವನು ಏನು ಮಾಡಿದ? ನಕ್ಕು, ಮೈಕನ್ನು ಜನರ ಕಡೆ ತಿರುಗಿಸಿದ. ಜನ ಎದ್ದು ನಿಂತು ಆ ಸಾಲು ಹಾಡಿದರು. ಸಿಳ್ಳೆ ಬೇರೆ.

"ಅವ್ನಿಗೆ ಮರ್ತೋಯ್ತು," ಅಂದೆ.

"ಅಯ್ಯೋ ಅಜ್ಜಿ, ಅದು ಸ್ಟೈಲು!" ಅಂದಳು ಶ್ವೇತಾ.

ಹೌದಾ? ಹುಡುಗ ಮರೆತರೆ ಸ್ಟೈಲು, ಮುದುಕಿ ಮರೆತರೆ ರಿಟೈರ್‌ಮೆಂಟಾ?

ಮರುದಿನವೇ ನಾಗವೇಣಿಯ ಮನೆಗೆ ಹೋದೆ. "ಶನಿವಾರ ಮರ್ತ್ರೆ ಹೆದರ್ಬೇಡ. ಮೈಕು ನಂಗೆ ಕೊಡು, ಆತು?"

"ನೀನು ಹಾಡೂದಾ? ದೇವ್ರು ಎದ್ದು ಹೋಗ್ತಾನೆ ಮಾರಾಯ್ತಿ."

ಶನಿವಾರ ಮೂರನೇ ನುಡಿಗೆ ಅವಳು ನಿಂತಳು. ಕಟ್ಟೆಯ ಮೇಲೆ ನಗು ಶುರುವಾಗುವ ಮೊದಲೇ ನಾನು ಮೈಕು ಕಿತ್ತುಕೊಂಡು ಹೊರಗೆ ಹೋದೆ. (ವಯರು ಉದ್ದ ಇತ್ತು, ನನ್ನ ಪುಣ್ಯ.) ಕಟ್ಟೆಯ ಮೇಲೆ ಕೂತಿದ್ದ ಗಣಪತಿಯ ಮೂತಿಗೇ ಹಿಡಿದೆ.

"ಹೇಳಾ, ಮುಂದಿನ ಸಾಲು!"

ಗಣಪತಿ ಕೆಮ್ಮಿದ. ಅಲ್ಲಿ ಹೊಗೆಯೂ ಇರಲಿಲ್ಲ. ಪಕ್ಕದವನಿಗೆ ಹಿಡಿದರೆ ಅವನು ಮೊಬೈಲ್ ತಡವಿದ. ಇನ್ನೊಬ್ಬ ಚಪ್ಪಲಿ ಹುಡುಕತೊಡಗಿದ. ಹಿಂದೆ ತಿರುಗಿದರೆ ನಮ್ಮ ಹೆಂಗಸರೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದರು. (ನನಗೂ ಬರುತ್ತಿರಲಿಲ್ಲ, ಅದು ಬೇರೆ ಮಾತು.)

ಈ ಮುಖಗಳನ್ನೆಲ್ಲ ನೋಡಿ ನಾಗವೇಣಿಗೆ ನಗು ಬಂತು. ನಗುತ್ತ ನಗುತ್ತ ಸಾಲೂ ಬಂತು. ಮೈಕಿಲ್ಲದೆಯೇ ಹೇಳಿದಳು. ಕಟ್ಟೆಯವರೆಗೂ ಕೇಳಿಸಿತು.

ಪಂಚಕಜ್ಜಾಯ ಹಂಚಿಯಾಯಿತು. ಸ್ಪೀಕರಿನ ಮಾತನ್ನು ಗಣಪತಿ ಎತ್ತಲಿಲ್ಲ. "ಮುಂದಿನ ಶನಿವಾರ ಬೇಗ ಬನ್ನಿ ನಾಗವೇಣಕ್ಕ," ಎಂದು ನೆಲ ನೋಡಿಕೊಂಡು ಹೇಳಿದ.

ಈಗ ನೀವೇ ಹೇಳಿ, ನಮ್ಮೂರಲ್ಲಿ ಹಾಡು ಮರೆತವಳು ನಾಗವೇಣಿ ಒಬ್ಬಳೇನಾ?